ನಾನು ಹಾರದ ದಿನ

ದೆವ್ವ, ಪವಾಡ, ಶಕುನ ಇಂಥವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬೈಲಹೊಂಗಲದಲ್ಲಿ ನನ್ನದೊಂದು ಪಂಪ್‌ಸೆಟ್ ರಿಪೇರಿಯ ಅಂಗಡಿ ಇದೆ. ಸುಟ್ಟ ಮೋಟರು ಬಿಚ್ಚಿ, ಹೊಸ ತಂತಿ ಸುತ್ತಿ, ಮತ್ತೆ ಓಡುವಂತೆ ಮಾಡುವುದು ನನ್ನ ಕಸುಬು. ಮೋಟರು ನಿಂತಿತೆಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಕಾರಣ ಸಿಗಲಿಲ್ಲವೆಂದರೆ ನಾವು ಸರಿಯಾಗಿ ಹುಡುಕಿಲ್ಲ ಅಷ್ಟೇ. ಅವ್ವ ಯಾರದೋ ಮನೆಯಲ್ಲಿ ನಡೆದ ವಿಚಿತ್ರವನ್ನು ಹೇಳುತ್ತ ಕುಳಿತರೆ ನಾನು ಇದೇ ಮಾತು ಹೇಳಿ ಅವಳ ಬಾಯಿ ಮುಚ್ಚಿಸುತ್ತಿದ್ದೆ. ಈಗ ಅಂಥದೇ ಒಂದನ್ನು ನಾನೇ ಬರೆಯಲು ಕುಳಿತಿದ್ದೇನೆ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ನನ್ನದೊಂದು ಮಾತನ್ನೂ ಸೇರಿಸುವುದಿಲ್ಲ.

ನನಗೆ ಹಾರಾಟದ ಹುಚ್ಚು ಹತ್ತಿದ್ದು ನಲವತ್ತು ದಾಟಿದ ಮೇಲೆ. ನಾನು ಹಾರಿಸುವುದು ನೀವು ಬಲ್ಲಂಥ ವಿಮಾನವಲ್ಲ. ಮೇಲೆ ದೊಡ್ಡ ಗಾಳಿಪಟದಂಥ ಕಿತ್ತಳೆ ಬಣ್ಣದ ಬಟ್ಟೆಯ ರೆಕ್ಕೆ. ಕೆಳಗೆ ಮೂರು ಗಾಲಿಯ ಮೇಲೆ ಹಿಂದೆ ಮುಂದೆ ಎರಡು ಸೀಟು. ಹಿಂದಿನ ಸೀಟಿನ ಬೆನ್ನಿಗೇ ಎಂಜಿನ್ನು, ಅದರ ಹಿಂದೆ ಪಂಖ. ಸುತ್ತ ಗೋಡೆಯಿಲ್ಲ, ಗಾಜಿಲ್ಲ. ಮೋಟರ್ ಸೈಕಲ್ಲಿಗೆ ರೆಕ್ಕೆ ಕಟ್ಟಿದರೆ ಹೇಗಿರುತ್ತದೋ ಹಾಗೆ ಎಂದು ನನ್ನ ಹೆಂಡತಿ ಹೇಳುತ್ತಾಳೆ, ಅದು ಸುಳ್ಳೂ ಅಲ್ಲ.

ನಮ್ಮ ಬೈಲಹೊಂಗಲದ ಕಪ್ಪು ಎರಿ ಭೂಮಿಯಲ್ಲಿ ಮಳೆಗಾಲ ಬಂದರೆ ಎತ್ತಿನ ಕಾಲೇ ಹೂಳುತ್ತದೆ, ಅಲ್ಲಿ ಗಾಲಿ ಓಡುವ ಮಾತೇ ಇಲ್ಲ. ಹೀಗಾಗಿ ಕಿತ್ತೂರಿನಿಂದ ದೇಗಾಂವಕ್ಕೆ ಹೋಗುವ ಕಡೆ, ಗಟ್ಟಿ ಮೊರಮಿನ ನೆಲದಲ್ಲಿ, ನಮ್ಮಂಥ ನಾಲ್ಕೈದು ಹವ್ಯಾಸಿಗಳು ಸೇರಿ ವಿಮಾನ ಓಡಿ ಏಳಲು ಒಂದು ಪಟ್ಟಿಯನ್ನು ಹದ ಮಾಡಿಕೊಂಡಿದ್ದೇವೆ. ಪಕ್ಕದಲ್ಲೊಂದು ತಗಡಿನ ಶೆಡ್ಡು. ಅದನ್ನೂ ನಮ್ಮನ್ನೂ ನೋಡಿಕೊಳ್ಳುವವರು ಈರಪ್ಪ ಕಾಕಾ. ವಾಯುಪಡೆಯಲ್ಲಿ ಎಂಜಿನ್ನುಗಳ ಕೆಲಸ ಮಾಡಿ ನಿವೃತ್ತರಾಗಿ ಬಂದವರು. ಅವರು ಹೂಂ ಎನ್ನದೆ ನಮ್ಮಲ್ಲಿ ಯಾರೂ ನೆಲ ಬಿಡುವುದಿಲ್ಲ.

ಒಮ್ಮೆ ಜಿಲ್ಲಾಡಳಿತದವರು ನಮ್ಮನ್ನು ಕರೆಸಿದರು. ನೆರೆ ಬಂದಾಗ ಹೆಲಿಕಾಪ್ಟರುಗಳು ಎಲ್ಲ ಕಡೆಗೂ ಸಾಲುವುದಿಲ್ಲ, ಎಲ್ಲಿ ರಸ್ತೆ ಕಡಿದಿದೆ, ಎಲ್ಲಿ ಜನ ಸಿಕ್ಕಿಕೊಂಡಿದ್ದಾರೆ ಎಂದು ಮೇಲಿನಿಂದ ನೋಡಿ ಹೇಳುವವರು ಬೇಕು, ಸರಕಾರದ ಪರವಾಗಿ ನೀವು ಹಾರುತ್ತೀರಾ ಎಂದು ಕೇಳಿದರು. ಪೆಟ್ರೋಲು ಅವರದು, ಉಳಿದದ್ದೆಲ್ಲ ನಮ್ಮದು. ಎಲ್ಲರೂ ಒಪ್ಪಿದೆವು. ಎರಡು ಷರತ್ತಿದ್ದವು: ಬೆಳಗಾವಿಯಿಂದ ಅನುಮತಿ ಬಾರದೆ ಹಾರಕೂಡದು, ಮತ್ತು ಪ್ರತಿ ಹಾರಾಟದಲ್ಲೂ ಹಿಂದಿನ ಸೀಟಿನಲ್ಲಿ ಕಂದಾಯ ಇಲಾಖೆಯವರೊಬ್ಬರು ಇರಬೇಕು. ನೋಡಿ ವರದಿ ಮಾಡುವುದು ಅವರ ಕೆಲಸ. ಆಮೇಲೆ ಒಂದೆರಡು ತಿಂಗಳು ಮರಳಿನ ಚೀಲಗಳನ್ನು ಮೇಲಿನಿಂದ ಗುರಿಯಿಟ್ಟು ಎಸೆಯುವುದನ್ನು ಕಲಿತೆವು.

ಆ ಶ್ರಾವಣದಲ್ಲಿ ಮಳೆ ಹಿಡಿದದ್ದು ಬಿಡಲೇ ಇಲ್ಲ. ನವಿಲುತೀರ್ಥದ ಜಲಾಶಯ ತುಂಬಿ, ಗೇಟು ತೆರೆದು, ಮಲಪ್ರಭೆಯ ನೀರು ಮುನವಳ್ಳಿ ದಾಟಿ ರಾಮದುರ್ಗದ ಕಡೆ ನುಗ್ಗಿತು. ಬೆಳಿಗ್ಗೆ ಕಂಟ್ರೋಲ್ ರೂಮಿನಿಂದ ನನಗೆ ಫೋನ್ ಬಂತು. ರಾಮದುರ್ಗಕ್ಕಿಂತ ಮೇಲೆ, ಹೊಳೆಗೂ ಒಂದು ಹಳ್ಳಕ್ಕೂ ನಡುವೆ, ಹದಿನೈದಿಪ್ಪತ್ತು ಮನೆಗಳ ಒಂದು ತೋಟಪಟ್ಟಿ ಇದೆ. ಅದರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅಲ್ಲಿಯ ಜನ ಸುದ್ದಿಯಾಗಿ ಬೇಸತ್ತಿದ್ದಾರೆ. ಅಲ್ಲಿಂದ ಯಾರ ಫೋನೂ ಹತ್ತುತ್ತಿಲ್ಲ, ರಸ್ತೆ ಮುಳುಗಿದೆ, ದೋಣಿ ಹೋಗಲು ಸೆಳವು ಬಿಡುತ್ತಿಲ್ಲ, ಹಾರಿ ನೋಡಲು ಆಗುತ್ತದೆಯೇ ಎಂದು ಕೇಳಿದರು.

ನಾನು ಅಂಗಡಿಯ ಬಾಗಿಲು ಎಳೆದು ಕಿತ್ತೂರಿಗೆ ಹೊರಟೆ. ಆದರೆ ಆ ದಿನ ಮೋಡ ಎಷ್ಟು ಕೆಳಗಿಳಿದಿತ್ತೆಂದರೆ ಶೆಡ್ಡಿನಿಂದ ನಮ್ಮ ಪಟ್ಟಿಯ ಆ ತುದಿ ಕಾಣುತ್ತಿರಲಿಲ್ಲ. ಎರಡು ಸಲ ವಿಮಾನವನ್ನು ಹೊರಗೆ ತಳ್ಳಿದೆವು, ಎರಡು ಸಲ ಒಳಗೆ ತಂದೆವು. ಮಧ್ಯಾಹ್ನ ಒಂದು ಕ್ಷಣ ಬೆಳಕು ಕಂಡಿತು. ನಾನು ಹೆಲ್ಮೆಟ್ ಎತ್ತಿಕೊಂಡೆ. ಈರಪ್ಪ ಕಾಕಾ ಅದನ್ನು ನನ್ನ ಕೈಯಿಂದ ಇಸಿದುಕೊಂಡರು.

"ತಮ್ಮಾ, ಎದುರಿನ ಗುಡ್ಡಾನ ಕಾಣವಲ್ದು, ನೀ ಎಲ್ಲಿ ಹಾರ್ತಿ? ಇವತ್ತ ಬ್ಯಾಡ."

"ಅಲ್ಲಿ ಸಣ್ಣ ಹುಡುಗ್ರು, ಮುದುಕ್ರು ಅದಾರ ಕಾಕಾ."

"ಅದಾರ. ಅದಕ್ಕ ನೀ ನಾಳಿ ಹಾರಾಕ ಉಳೀಬೇಕು."

ಸ್ವಲ್ಪ ಹೊತ್ತಿಗೆ ಬೆಳಗಾವಿಯಿಂದಲೂ ಬಂತು: ಇವತ್ತು ಯಾರೂ ಹಾರುವಂತಿಲ್ಲ. ಕತ್ತಲಾಗುವವರೆಗೆ ಶೆಡ್ಡಿನ ಬಾಗಿಲಲ್ಲೇ ಇಬ್ಬರೂ ಕುಳಿತಿದ್ದೆವು. ಕಾಕಾ ನನ್ನ ಪಕ್ಕದಿಂದ ಏಳಲಿಲ್ಲ. ನಾನು ಕದ್ದು ಹಾರಿಬಿಡುತ್ತೇನೆ ಎಂಬ ಅನುಮಾನ ಅವರಿಗಿತ್ತು ಎಂದು ಕಾಣುತ್ತದೆ. ಇದನ್ನು ಇಷ್ಟು ವಿವರವಾಗಿ ಯಾಕೆ ಹೇಳುತ್ತಿದ್ದೇನೆ ಎಂದರೆ, ಆ ದಿನ ನಾನು ಹಾರಲಿಲ್ಲ ಎಂಬುದರಲ್ಲಿ ಓದುವವರಿಗೆ ಕಿಂಚಿತ್ತೂ ಸಂಶಯ ಉಳಿಯಬಾರದು.

ಮರುದಿನ ಬೆಳಗಾಗುವ ಮೊದಲೇ ಪಟ್ಟಿಯ ಮೇಲಿದ್ದೆ. ಮೋಡ ಒಂದಷ್ಟು ಮೇಲೆ ಸರಿದಿತ್ತು. ಇವತ್ತು ಹೋಗುವುದೇ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಅನುಮತಿ ಬಂತು. ಇಲಾಖೆಯ ಜೀಪಿನಿಂದ ಒಬ್ಬ ಹೆಣ್ಣುಮಗಳು ಇಳಿದರು. ಹೆಸರು ಸುಮಂಗಲಾ, ಚಚಡಿಯವರು, ಬೈಲಹೊಂಗಲದ ಕಚೇರಿಯಲ್ಲಿ ಕೆಲಸ. ಅವರ ಹೆಸರು ಗೊತ್ತಾದದ್ದೇ ಅಂದು, ಮುಖ ನೋಡಿದ್ದೂ ಅಂದೇ ಮೊದಲು. ಹಿಂದಿನ ದಿನ ನನ್ನೊಡನೆ ಬರಬೇಕಾಗಿದ್ದವರು ಬೇರೊಬ್ಬರು. ಅವರ ಮನೆಗೂ ನೀರು ನುಗ್ಗಿ, ಬೆಳಗಿನ ಜಾವ ಇವರಿಗೆ ಫೋನ್ ಹೋಗಿತ್ತು.

ಈರಪ್ಪ ಕಾಕಾ ಅವರಿಗೆ ಹೆಲ್ಮೆಟ್ಟನ್ನೂ ದೊಗಲೆ ರೇನ್‌ಕೋಟನ್ನೂ ಕೊಟ್ಟರು. "ಓಢಣಿ ತಗದ ಇಲ್ಲೇ ಇಡ್ರಿ ಬಾಯಾರ. ಬೆನ್ನ ಹಿಂದನ ಪಂಖಾ ತಿರಗತೈತಿ. ಒಂದ ಸೆರಗ ಸಿಕ್ರೂ ಇಬ್ರೂ ಹೋಗ್ತೀರಿ."

ಅವರು ಬಿಳಿ ಓಢಣಿಯನ್ನು ಮಡಚಿ ಜೀಪಿನಲ್ಲಿಟ್ಟರು. ಹಿಂದೆ ಎಂದಾದರೂ ಹಾರಿದ್ದೀರಾ ಎಂದು ನಾನು ಕೇಳಿದೆ.

"ಇಲ್ಲರಿ. ಮಾಳಗಿ ಮ್ಯಾಲ ನಿಂತ್ರನ ತಲಿ ತಿರಗತೈತಿ ನನಗ." ಬೆಲ್ಟು ಬಿಗಿದುಕೊಳ್ಳುತ್ತ ಅವರೇ ಮುಂದುವರಿಸಿದರು. "ಅದನ್ನ ಆಮ್ಯಾಲ ನೋಡೂಣ್ರಿ ಸರ್. ಲಗೂನ ನಡೀರಿ."

ಬೈಲಹೊಂಗಲದ ಮೇಲೆ ಹಾದು ಸವದತ್ತಿಯ ಕಡೆ ತಿರುಗಿದೆವು. ಜಲಾಶಯ ಸಮುದ್ರದಂತೆ ಹರಡಿತ್ತು. ಗುಡ್ಡದ ಸಾಲಿನ ಮೇಲಿನ ಗಾಳಿಯಂತ್ರಗಳ ತಲೆಗಳು ಮೋಡದೊಳಗಿದ್ದವು, ಕಂಬಗಳು ಮಾತ್ರ ಕಾಣುತ್ತಿದ್ದವು. ಮುನವಳ್ಳಿ ದಾಟಿದ ಮೇಲೆ ಹೊಳೆ ಯಾವುದು, ಹೊಲ ಯಾವುದು ಎಂದು ಹೇಳುವಂತಿರಲಿಲ್ಲ. ಎಲ್ಲೆಲ್ಲೂ ಕೆಂಪು ನೀರು, ಅದರಲ್ಲಿ ಕಬ್ಬಿನ ತುದಿಗಳು, ಬೇವಿನ ಮರದ ನೆತ್ತಿಗಳು. ಜಡಿ ಮಳೆ ಮುಖಕ್ಕೆ ಸೂಜಿಯಂತೆ ಚುಚ್ಚುತ್ತಿತ್ತು. ಮೋಡ ಮತ್ತೆ ಇಳಿಯತೊಡಗಿದಾಗ ಒಮ್ಮೆ ಹಿಂದಕ್ಕೆ ತಿರುಗಿಸೋಣ ಅನ್ನಿಸಿತು. ಹೆಲ್ಮೆಟ್ಟಿನ ಫೋನಿನಲ್ಲಿ ಸುಮಂಗಲಾ ಅವರನ್ನು ಕೇಳಿದೆ. "ಇಲ್ಲೀತನಾ ಬಂದೇವ್ರಿ" ಎಂದಷ್ಟೇ ಹೇಳಿದರು. ಇನ್ನಷ್ಟು ಕೆಳಗಿಳಿಸಿ, ನೀರಿನ ಮೇಲೆಯೇ ಎನ್ನುವಷ್ಟು ತಗ್ಗಿನಲ್ಲಿ ಮುಂದೆ ಹೋದೆ.

ಕಂಟ್ರೋಲ್ ರೂಮಿನವರು ಹೇಳಿದ್ದು ಸಾಲೆಯ ಕಟ್ಟಡ ನೋಡಿ ಎಂದು. ಆ ತೋಟಪಟ್ಟಿಯಲ್ಲಿ ಗಟ್ಟಿ ಕಟ್ಟಡ ಅದೊಂದೇ, ಸ್ವಲ್ಪ ದಿಬ್ಬದ ಮೇಲೂ ಇದೆ, ಜನ ಅಲ್ಲೇ ಸೇರಿರುತ್ತಾರೆ ಎಂದಿದ್ದರು. ಸಾಲೆ ಸಿಕ್ಕಿತು. ನೀರಿನ ಮೇಲೆ ಅದರ ಚಾವಣಿಯ ಒಂದು ಮೂಲೆ ಮತ್ತು ಧ್ವಜದ ಕಂಬ ಮಾತ್ರ ಕಾಣುತ್ತಿದ್ದವು. ಮೇಲೆ ಯಾರೂ ಇರಲಿಲ್ಲ. ನಾನು ಎರಡು ಸುತ್ತು ಹಾಕಿದೆ. ನಿನ್ನೆ ಬರಲಾಗದ್ದಕ್ಕೆ ಇವತ್ತು ಇದನ್ನು ನೋಡಬೇಕಾಯಿತೇ ಎಂದುಕೊಂಡೆ.

ಆಗ ಹಿಂದಿನಿಂದ ದನಿ ಬಂತು. "ಸರ್, ಹಳ್ಳದ ಆಚಿ ಒಂದ ಗುಡ್ಡ ಕಾಣತೈತಲ್ಲ, ಅಲ್ಲಿ ನೋಡೂಣ್ರಿ."

ಹಳ್ಳ ಎಂದರೆ ಆಗ ಅದೇ ಒಂದು ಹೊಳೆ. ಅದನ್ನು ಯಾರೂ ದಾಟಿರಲು ಸಾಧ್ಯವಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ತಿರುಗಿಸಿದೆ. ಗುಡ್ಡದ ಬಂಡೆಗಳ ಹಿಂದೆ ಮೊದಲು ಕಂಡದ್ದು ಬಣ್ಣ. ಹಾಸುಬಂಡೆಯ ಮೇಲೆ ಸೀರೆಗಳನ್ನು ಹರವಿ, ಗಾಳಿಗೆ ಹಾರದಂತೆ ಅಂಚಿಗೆ ಕಲ್ಲಿಟ್ಟಿದ್ದರು. ಆಮೇಲೆ ಜನ ಕಂಡರು. ತಾಡಪಾಲಿನ ಕೆಳಗಿನಿಂದ ಒಬ್ಬೊಬ್ಬರಾಗಿ ಹೊರಗೆ ಬಂದರು. ಅವರ ದನ, ಆಡು ಕೂಡ ಅಲ್ಲಿದ್ದವು. ಸುಮಂಗಲಾ ಅವರು ಹಿಂದೆ ಅಳುತ್ತಿದ್ದದ್ದು ನನ್ನ ಕಿವಿಯಲ್ಲಿ ಕೇಳಿಸುತ್ತಿತ್ತು. ಅಳುತ್ತಲೇ ತಲೆ ಎಣಿಸುತ್ತಿದ್ದರು.

ಒಂದು ಸಂಗತಿ ನನಗೆ ಆಗಲೇ ಸ್ವಲ್ಪ ವಿಚಿತ್ರ ಅನ್ನಿಸಿತ್ತು. ಸಿಕ್ಕಿಬಿದ್ದ ಜನ ಮೇಲೆ ವಿಮಾನ ಕಂಡರೆ ಓಡುತ್ತಾರೆ, ಕೂಗುತ್ತಾರೆ, ಕೈಗೆ ಸಿಕ್ಕದ್ದನ್ನು ಬೀಸುತ್ತಾರೆ. ಇವರು ಹಾಗೇನೂ ಮಾಡಲಿಲ್ಲ. ನಾಲ್ಕು ಮೂಲೆಗೆ ಬಿಳಿ ಕಲ್ಲಿಟ್ಟು ಒಂದು ಜಾಗವನ್ನು ಮೊದಲೇ ಖಾಲಿ ಮಾಡಿಟ್ಟಿದ್ದರು. ನಾವು ಬಂದ ಕೂಡಲೇ ಮಕ್ಕಳನ್ನು ಅದರಿಂದ ದೂರ ಸರಿಸಿದರು. ಅಲ್ಲಿಗೆ ಔಷಧದ ಚೀಲ, ಬಿಸ್ಕೀಟು, ಒಂದು ಚೀಟಿ ಎಸೆದೆವು. ಎಲ್ಲವೂ ಒಳಗೇ ಬಿದ್ದವು. ಸುಮಂಗಲಾ ಅವರು ಜಾಗದ ಗುರುತನ್ನು ಅಲ್ಲಿಂದಲೇ ಕಳಿಸಿದರು. ಸಂಜೆಯೊಳಗೆ ಗುಡ್ಡದ ಆಚೆ ಬದಿಯಿಂದ ದೋಣಿಗಳು ಹೋಗಿ ಎಲ್ಲರನ್ನೂ ಕರೆತಂದವು. ಒಂದು ಜೀವವೂ ಹೋಗಿರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ನೀರು ಇಳಿದ ಮೇಲೆ ಒಂದು ಸ್ಥಳೀಯ ಪತ್ರಿಕೆಯಲ್ಲಿ ಆ ಜನರ ಮಾತು ಬಂತು. ಸತತ ಎರಡು ದಿನ, ಸುರಿವ ಮಳೆಯಲ್ಲಿ, ಜೀವದ ಹಂಗು ತೊರೆದು ಬಂದ ವಿಮಾನದವರು ನಮ್ಮನ್ನು ಉಳಿಸಿದರು ಎಂದಿತ್ತು. ಪತ್ರಿಕೆಯವರ ಉತ್ಪ್ರೇಕ್ಷೆ ಎಂದು ನಾನು ಪಕ್ಕಕ್ಕಿಟ್ಟೆ. ಆದರೆ ಜಿಲ್ಲಾಡಳಿತದ ಅಧಿಕಾರಿಯೊಬ್ಬರು ಫೋನ್ ಮಾಡಿ, ಹಾರಬೇಡಿ ಎಂದ ದಿನ ನೀವು ಹಾರಿದ್ದೀರಾ ಎಂದು ನೇರವಾಗಿ ಕೇಳಿದರು. ಹಾರಿದ್ದು ನಿಜವಾದರೆ ನನ್ನೊಬ್ಬನದಲ್ಲ, ನಮ್ಮ ಗುಂಪಿನ ಎಲ್ಲರ ಅನುಮತಿಯೂ ರದ್ದಾಗುತ್ತದೆ, ಮುಂದಿನ ನೆರೆಗೆ ಯಾರೂ ಹಾರುವಂತಿಲ್ಲ ಎಂದೂ ಹೇಳಿದರು. ಈರಪ್ಪ ಕಾಕಾ ನನ್ನ ಕೈಯಿಂದ ಫೋನ್ ಇಸಿದುಕೊಂಡು, "ಸಾಹೇಬ್ರ, ಇಡೀ ದಿನಾ ನಾ ಇಂವನ ಬಗಲಾಗ ಕುಂತಿದ್ದೆ. ಬಂದ ಎಂಜಿನ್ ಮುಟ್ಟಿ ನೋಡ್ರಿ, ಓಡಿದ ತಾಸು ಅದರಾಗ ಕಾಣತಾವು" ಎಂದರು. ಅಧಿಕಾರಿ ಒಬ್ಬರನ್ನು ಕಳಿಸಿದರು. ಎಂಜಿನ್ನಿನ ಗಡಿಯಾರ ನೋಡಿಯೂ ಆಯಿತು, ಆ ಎರಡು ದಿನಗಳಲ್ಲಿ ನಾವು ಹಾರಿದ ಒಂದೇ ದಿನದ ಲೆಕ್ಕ ಅದರಲ್ಲಿತ್ತು. ನನ್ನ ಮೇಲಿನ ಸಂಶಯ ಹೋಯಿತು. ಆಮೇಲೆ ಆ ಅಧಿಕಾರಿಯೇ ಕೇಳಿದರು: "ಹಂಗಾರ ಹಾರಿದವ್ರು ಯಾರ್ರಿ?"

ಕಾರಣ ಇದ್ದೇ ಇರುತ್ತದೆ ಎಂದು ನಾನು ಹುಡುಕಲು ಇಳಿದೆ. ನಮ್ಮ ಗುಂಪಿನ ಉಳಿದ ವಿಮಾನಗಳು ಅಂದು ಶೆಡ್ಡಿನಲ್ಲೇ ನನ್ನ ಕಣ್ಣೆದುರು ಇದ್ದವು. ಹುಬ್ಬಳ್ಳಿಯ ಕಡೆಯ ಪರಿಚಯದ ಹಾರಾಟಗಾರರನ್ನು ಕೇಳಿದೆ, ಕೊಲ್ಹಾಪುರದವರನ್ನು ಕೇಳಿದೆ. ಆ ಮಳೆಯಲ್ಲಿ ಯಾರೂ ನೆಲ ಬಿಟ್ಟಿರಲಿಲ್ಲ. ಹೆಲಿಕಾಪ್ಟರುಗಳು ಅಂದು ಬೇರೆಯೇ ಕಡೆ ಇದ್ದವು. ಯಾರಾದರೂ ಡ್ರೋನ್ ಹಾರಿಸಿರಬಹುದೇ ಎಂದೂ ವಿಚಾರಿಸಿದೆ, ಅದೂ ಇಲ್ಲ. ಕೊನೆಗೆ ಆ ಜನರನ್ನೇ ಕೇಳಬೇಕೆಂದು ನಿಶ್ಚಯಿಸಿದೆ. ಬಿದ್ದ ಮನೆಗಳ ಸಮೀಕ್ಷೆಗಾಗಿ ಸುಮಂಗಲಾ ಅವರನ್ನು ಕೆಲ ದಿನ ಆ ಕಡೆ ಹಾಕಿದ್ದರು. ಒಂದು ದಿನ ಅವರ ಜೀಪಿನಲ್ಲೇ ಯರಗಟ್ಟಿಯ ಮೇಲೆ ಹಾದು ಅಲ್ಲಿಗೆ ಹೋದೆ. ಪತ್ರಿಕೆಯ ಸುದ್ದಿ ಅವರೂ ಓದಿದ್ದರು, ನನ್ನಂತೆಯೇ ಲಕ್ಷ್ಯ ಕೊಟ್ಟಿರಲಿಲ್ಲ.

ಯಲ್ಲಪ್ಪ ಎಂಬವರ ಮನೆಯಲ್ಲಿ ನಮ್ಮನ್ನು ಕೂಡಿಸಿದರು. ನೀರಿಗೆ ಒಂದು ಗೋಡೆ ಕುಸಿದಿತ್ತು, ಅಲ್ಲಿ ತಾಡಪಾಲು ಕಟ್ಟಿದ್ದರು. ಅಕ್ಕಪಕ್ಕದವರೆಲ್ಲ ಬಂದು ಸೇರಿದರು. ಶಾಲು ಹೊದಿಸಲು ಬಂದಾಗ ನಾನು ತಡೆದೆ. ಮೊದಲು ಆ ದಿನದ್ದನ್ನು ಹೇಳಿ ಎಂದೆ.

ಯಲ್ಲಪ್ಪ ಹೇಳಿದ್ದು ಇಷ್ಟು. ಆ ದಿನ ಎಲ್ಲರೂ ಸಾಲೆಯಲ್ಲಿ ಸೇರಿದ್ದರು. ಎರಡು ದಿನದಿಂದ ಕರೆಂಟಿರಲಿಲ್ಲ, ಮೊಬೈಲುಗಳೆಲ್ಲ ಸತ್ತಿದ್ದವು. ಸಾಲೆ ಎತ್ತರದಲ್ಲಿದೆ, ಅಲ್ಲಿಗೆ ನೀರು ಬರುವುದಿಲ್ಲ ಎಂದೇ ಎಲ್ಲರ ನಂಬಿಕೆ. ಮಧ್ಯಾಹ್ನದ ಹೊತ್ತಿಗೆ ಮೋಡದ ಕೆಳಗಿನಿಂದ ನಮ್ಮ ವಿಮಾನ ಬಂತು. ಸಾಲೆಯನ್ನು ಸುತ್ತು ಹಾಕಿ ಹಳ್ಳ ದಾಟಿ ಗುಡ್ಡದ ಮೇಲೆ ಹೋಯಿತು. ಮತ್ತೆ ಬಂತು, ಮತ್ತೆ ಗುಡ್ಡಕ್ಕೆ ಹೋಯಿತು.

"ಮದಲ ನಮಗ ತಿಳೀಲಿಲ್ರಿ" ಎಂದರು ಯಲ್ಲಪ್ಪ. "ಹಿಂಗ್ಯಾಕ ಹೋಗಿ ಬಂದ ಮಾಡಾಕ ಹತ್ಯಾರ ಅಂತ ನೋಡಕೋತ ನಿಂತ್ವಿ. ಆಮ್ಯಾಲ ಹಿಂದ ಕುಂತಿದ್ದ ಅಕ್ಕಾರು ಬಗ್ಗಿ ಕೈ ಮಾಡಿ ಗುಡ್ಡ ತೋರಿಸಿದ್ರು. ಆಗ ಹಳ್ಳದಾಗ ಮೊಣಕಾಲಮಟ ನೀರಿತ್ತು. ಎಲ್ಲಾರೂ ದಾಟಿದ್ವಿ. ಹೊತ್ತ ಮುಳಗೂದ್ರಾಗ ಆನಿ ಮುಳಗೂವಷ್ಟ ಬಂತ್ರಿ."

ನಾನು ಒಂದೊಂದನ್ನೇ ಕೆದಕಿ ಕೇಳಿದೆ. ರೆಕ್ಕೆಯ ಬಣ್ಣ ಯಾವುದು? ಕಿತ್ತಳೆ. ಗಾಲಿ ಎಷ್ಟು? ಮೂರು. ಮರುದಿನ ನೋಡಿದ್ದನ್ನೇ ಹಿಂದಿನ ದಿನಕ್ಕೂ ಸೇರಿಸಿ ಹೇಳುತ್ತಿದ್ದಾರೆ ಎಂದು ನಾನು ಆಗಲೇ ತೀರ್ಮಾನಿಸಿದ್ದೆ. ಹೆದರಿದ ಮನಸ್ಸಿಗೆ ದಿನಗಳು ಕಲಸಿಹೋಗುತ್ತವೆ. ಆದರೆ ಅವರು ಹಳ್ಳ ದಾಟಿದ್ದು ಹಿಂದಿನ ದಿನವೇ, ಅದನ್ನು ಕಲಸಲು ಬರುವುದಿಲ್ಲ. ಮರುದಿನ ನಾವು ಹೋದಾಗ ಆ ಹಳ್ಳದಲ್ಲಿ ಆನೆಯೂ ನಿಲ್ಲುತ್ತಿರಲಿಲ್ಲ.

ಬಾಗಿಲ ಹತ್ತಿರ ಗಂಗವ್ವ ಎಂಬ ಮುದುಕಿ ಕುಳಿತಿದ್ದಳು, ಯಲ್ಲಪ್ಪನ ತಾಯಿ. ಅವಳನ್ನು ಕೇಳಿದೆ, ಸಪ್ಪಳ ಹೇಗಿತ್ತು ಎಂದು. ನಮ್ಮ ಎಂಜಿನ್ನಿನ ಸಪ್ಪಳ ಒಮ್ಮೆ ಕೇಳಿದವರು ಮರೆಯುವುದಿಲ್ಲ.

"ಎರಡನೇ ದಿನಾ ಭಾಳ ಸಪ್ಪಳಾತ್ರಿ, ಎಮ್ಮಿ ಹಗ್ಗಾ ಹರಕೊಂಡ ಓಡಿತು" ಎಂದಳು. ಆಮೇಲೆ ಸ್ವಲ್ಪ ಹೊತ್ತು ಯೋಚಿಸಿದಳು. "ಮದಲನೇ ದಿನಾ... ಇಲ್ಲ ನೋಡ್ರಿ. ಸಪ್ಪಳಿದ್ದಂಗ ನೆನಪಿಲ್ಲ. ಮಳಿ ಹಂಗ ಹೊಡ್ಯಾಕ ಹತ್ತಿತ್ತು, ಕೇಳಿಸಿರಲಿಕ್ಕಿಲ್ಲ. ಓಢಣಿ ಮಾತ್ರ ಹಾರಾಡೂದು ಚಂದಾಗಿ ಕಂಡಿತು."

"ಯಾವ ಓಢಣಿ?"

"ಈ ಅಕ್ಕಾಂದ. ಹಳದಿ ಓಢಣಿ. ಹಿಂದಕ ಮಾರುದ್ದ ಹಾರಾಡತಿತ್ತು. ಮರುದಿನಾ ಇರಲಿಲ್ಲ, ಕ್ವಾಟ್ ಹಾಕ್ಕೊಂಡಿದ್ರು."

ನನಗೆ ಒಂದು ರೀತಿಯ ಸಮಾಧಾನವೇ ಆಯಿತು. ಸುಳ್ಳಿನ ಎಳೆ ಸಿಕ್ಕಿತು ಎಂದುಕೊಂಡೆ. ಆ ಪಂಖದ ಮುಂದೆ ಯಾರೂ ಓಢಣಿ ಬಿಟ್ಟುಕೊಂಡು ಹಾರಲು ಸಾಧ್ಯವೇ ಇಲ್ಲ, ಬಿಟ್ಟರೆ ವಿಮಾನ ಅಲ್ಲೇ ಬೀಳುತ್ತದೆ. ಅದನ್ನೇ ಎಲ್ಲರಿಗೂ ತಿಳಿಸಿ ಹೇಳತೊಡಗಿದೆ. ಹೇಳುತ್ತ ಸುಮಂಗಲಾ ಅವರ ಕಡೆ ನೋಡಿದರೆ, ಅವರ ಮುಖ ಬಿಳಿಚಿತ್ತು. ಎದ್ದು ಹೊರಗೆ ಹೋದರು. ನಾನೂ ಹಿಂದೆಯೇ ಹೋದೆ. ಕುಸಿದ ಗೋಡೆಯ ಹತ್ತಿರ ನಿಂತಿದ್ದರು.

"ಸರ್, ಆ ದಿನಾ ನಾನು ಬೈಲಹೊಂಗಲದ ಆಫೀಸಿನ್ಯಾಗ ಇದ್ದೆ. ಹೊಳಿದಂಡಿ ಊರಾಗಿನವ್ರಿಗೆ ಫೋನ್ ಹಚ್ಚೂ ಕೆಲಸ ನಂದು. ಈ ತೋಟಪಟ್ಟಿದು ಒಂದ ನಂಬರ ಸೈತ ಹತ್ತಲಿಲ್ಲ. ಮಧ್ಯಾಹ್ನ ಊಟಾ ಬಿಟ್ಟ ಹಚ್ಚಕೋತ ಕುಂತಿದ್ದೆ. ಸಿಟ್ಟ ಬಂದಿತ್ತು, ಅಳೂನೂ ಬಂದಿತ್ತು. ನಕಾಶದಾಗ ಹಳ್ಳದ ಆಚಿ ಗುಡ್ಡ ನೋಡಿದ್ದೆ. ಸತ್ತ ಫೋನ್ಯಾಗ, ಗುಡ್ಡಕ್ಕ ಹೋಗ್ರೋ ಅಂತ ಒಬ್ಬಾಕೀನ ಒದರೇನಿ. ಆಫೀಸಿನ ಮಂದಿ ಹೊಳ್ಳಿ ನೋಡಿದ್ರು." ಅವರು ನನ್ನ ಕಡೆ ತಿರುಗಿದರು. "ಅವತ್ತ ನಾನು ಹಳದಿ ಓಢಣಿ ಹಾಕ್ಕೊಂಡಿದ್ದೆ ಸರ್. ಅವ್ವಂದು, ಹಳೇದು. ಇಲ್ಲಿ ಯಾರೂ ಅದನ್ನ ನೋಡಿಲ್ಲ."

ಹಳದಿ ಓಢಣಿಗಳು ಲೋಕದಲ್ಲಿ ಬೇಕಾದಷ್ಟಿವೆ ಎಂದೇನೋ ಅಂದೆ. ಅವರು ತಲೆಯಾಡಿಸಿದರು. ಇಬ್ಬರೂ ಒಳಗೆ ಬಂದೆವು.

ಒಳಗೆ ಬಂದು ನಾನು ಎಲ್ಲರೆದುರು ಸ್ಪಷ್ಟವಾಗಿ ಹೇಳಿದೆ: "ನೋಡ್ರಿ, ಮದಲನೇ ದಿನಾ ನಾನು ಬಂದಿಲ್ಲ. ಕಿತ್ತೂರಾಗ ಕುಂತಿದ್ದೆ. ಇವರೂ ಬಂದಿಲ್ಲ. ನೀವು ಆಡೂ ಉಪಕಾರದ ಮಾತು ನನಗ ಸಲ್ಲೂದಲ್ಲ."

ಎಲ್ಲರೂ ನಕ್ಕರು. ದೊಡ್ಡ ಮನುಷ್ಯರು ಹೀಗೇ ಹೇಳುತ್ತಾರೆ ಎಂದು ಒಬ್ಬರು, ಸರಕಾರದವರ ಹೆದರಿಕೆ ಇರಬೇಕು, ಬಿಡ್ರಿ ಎಂದು ಇನ್ನೊಬ್ಬರು. ಶಾಲು ಹೊದಿಸಿಯೇ ಬಿಟ್ಟರು. ನಗದೆ ಇದ್ದವಳು ಗಂಗವ್ವ ಒಬ್ಬಳೇ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಎಲ್ಲರ ಮಾತು ನಿಂತ ಮೇಲೆ ಹತ್ತಿರ ಬಂದು ಕುಳಿತಳು.

"ಆ ದಿನಾ ಸಾಲಿ ಬಿಟ್ಟ ಬರಾಂಗಿಲ್ಲ ಅಂತ ನಾ ಹಟಾ ಹಿಡಿದಿದ್ನಿ, ಮಗಾ. ಆ ಇಮಾನ ನನ್ನ ಸಲುವಾಗಿ ಇನ್ನೊಮ್ಮಿ ಬಂತು. ಅದಕ್ಕ ಎದ್ದೆ. ನೀ ಸುಳ್ಳ ಹೇಳಾಕ ಹತ್ತಿಲ್ಲ ಅನ್ನೂದು ನಿನ್ನ ಮಾರಿ ನೋಡಿದ್ರ ತಿಳೀತೈತಿ. ನಾವೂ ಹೇಳಾಕ ಹತ್ತಿಲ್ಲಪಾ." ನನ್ನ ಮೊಣಕಾಲಿನ ಮೇಲೆ ಕೈಯೂರಿ ಎದ್ದಳು. "ರೊಟ್ಟಿ ಆರಾಕ ಹತ್ಯಾವು. ಏಳು, ಉಣ್ಣು."

ಉಂಡು ಬಂದೆವು.

ಆಮೇಲೆ ಇದನ್ನು ಹಲವರಿಗೆ ಹೇಳಿದ್ದೇನೆ. ಸವದತ್ತಿಯ ಯಲ್ಲಮ್ಮನೇ ಬಂದು ಕಾಪಾಡಿದಳು ಎಂದವರಿದ್ದಾರೆ. ಸಾವಿನ ಭಯದಲ್ಲಿ ಗುಂಪಿಗೆ ಗುಂಪೇ ಒಂದನ್ನು ಕಂಡೆವೆಂದು ನಂಬುವುದುಂಟು ಎಂದ ಡಾಕ್ಟರರಿದ್ದಾರೆ. ಇಬ್ಬರ ಮಾತಿಗೂ ನಾನು ಇಲ್ಲ ಎನ್ನಲಾರೆ, ಹೌದು ಎಂದೂ ಅನ್ನಲಾರೆ. ಭಯದಲ್ಲಿ ಕಂಡದ್ದೇ ಆದರೆ, ನೋಡಿರದ ಓಢಣಿಯ ಬಣ್ಣ ಅವರಿಗೆ ಹೇಗೆ ಕಂಡಿತು? ದೇವರೇ ಬಂದದ್ದಾದರೆ ನನ್ನ ಹಳೆಯ ಮೂರು ಗಾಲಿಯ ವಿಮಾನ ಯಾಕೆ ಬೇಕಾಯಿತು? ಅವ್ವನಿಗೆ ಹೇಳಿದಾಗ ಅವಳು ನನ್ನನ್ನು ಗೇಲಿ ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಪೂರ್ತಿ ಕೇಳಿಸಿಕೊಂಡು ತನ್ನ ಕೆಲಸಕ್ಕೆ ಎದ್ದಳು.

ನಾವು ಹಾರುವುದನ್ನು ಬಿಟ್ಟಿಲ್ಲ. ಸರಕಾರದವರು ಕರೆದಾಗಲೆಲ್ಲ ಹೋಗುತ್ತೇವೆ. ಬೇಡ ಎಂದ ದಿನ ಈರಪ್ಪ ಕಾಕಾನ ಪಕ್ಕದಲ್ಲಿ ಕುಳಿತಿರುತ್ತೇವೆ. ಸುಮಂಗಲಾ ಅವರು ಬೇರೆ ತಾಲೂಕಿಗೆ ವರ್ಗವಾಗಿ ಹೋದರು. ಮಳೆಗಾಲದಲ್ಲಿ, ಎಲ್ಲಿಯಾದರೂ ಹೊಳೆ ಏರಿದ ಸುದ್ದಿ ಕೇಳಿದರೆ, ಅವರ ಫೋನ್ ಬರುತ್ತದೆ. ಮನೆಯವರನ್ನೆಲ್ಲ ವಿಚಾರಿಸುತ್ತಾರೆ, ಕಾಕಾನ ಆರೋಗ್ಯ ಕೇಳುತ್ತಾರೆ. ಕೊನೆಗೆ ದನಿ ತಗ್ಗಿಸಿ ಕೇಳುತ್ತಾರೆ.

"ಇವತ್ತೇನರ ಹಾರಿದ್ರೇನ್ರಿ ಸರ್?"

ಇಲ್ಲ, ಮೋಡ ಇಳಿದಿದೆ, ಅಂಗಡಿಯಲ್ಲೇ ಇದ್ದೇನೆ ಎಂದು ಹೇಳುತ್ತೇನೆ.

"ಖರೇನ?"

ಖರೇ ಎನ್ನುತ್ತೇನೆ. ಆದರೆ ಮೊದಲಿನಷ್ಟು ಗಟ್ಟಿಯಾಗಿ ಹೇಳಲು ಈಗ ನನಗೆ ಬರುವುದಿಲ್ಲ.